ರೂಜ್ ನದಿಯ ಸಾಹೇಬರು

ಮೊನ್ನೆ ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿ ನಮ್ಮ ಎದುರು ಮನೆಯವರು ಕಾರು ನಿಲ್ಲಿಸುವ ಡ್ರೈವ್‌ವೇಗೆ ಡಾಂಬರು ಬಳಿಸುತ್ತಿದ್ದರು. ಕಿಟಕಿ ಮುಚ್ಚೋಣವೆಂದು ಎದ್ದವನು ಅಲ್ಲೇ ನಿಂತೆ. ಹಸಿ ಡಾಂಬರಿನ ಘಾಟು ಗಂಟಲಿಗೆ ಹತ್ತುತ್ತಲೇ ರೂಜ್ ನದಿಯ ಹೂಳು ನೆನಪಾಯಿತು. ಅದರ ಹಿಂದೆಯೇ ನಮ್ಮ ಸಾಹೇಬರು...

ಎಪ್ಪತ್ತರ ದಶಕದ ಮಾತು. ಡೆಟ್ರಾಯಿಟ್‌ನ ಕಾರ್ಖಾನೆಗಳ ನಡುವೆ ಹರಿಯುವ ಆ ನದಿಯ ತಳದಲ್ಲಿ ಎಷ್ಟೋ ವರ್ಷಗಳ ಎಣ್ಣೆ, ಲೋಹದ ಪುಡಿ, ಹೆಸರೇ ಗೊತ್ತಿಲ್ಲದ ರಾಸಾಯನಿಕಗಳು ಹೂಳಾಗಿ ಕೂತಿದ್ದವು. ಅದನ್ನು ಎತ್ತಿ, ಬಾರ್ಜು ಎಂಬ ಚಪ್ಪಟೆ ದೋಣಿಗಳಲ್ಲಿ ತುಂಬಿ, ಒಡ್ಡು ಕಟ್ಟಿದ ಹೊಂಡಕ್ಕೆ ಸಾಗಿಸುವ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ನಾನು ಇಂಜಿನಿಯರ್. ಆ ಕೆಲಸವನ್ನು ಪರಿಶೀಲಿಸಲು ಸರ್ಕಾರದಿಂದ ಬರುತ್ತಿದ್ದ ಇನ್ಸ್‌ಪೆಕ್ಟರ್ ಅವರು. ಧಾರವಾಡದವರು, ನನಗಿಂತ ಎಷ್ಟೋ ದೊಡ್ಡವರು. ಮೈಸೂರಿನವನಾದ ನಾನೂ ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದೆ. ಭಾನುವಾರ ಅವರ ಮನೆಯಲ್ಲಿ ನನಗೂ ನನ್ನ ಹೆಂಡತಿಗೂ ರೊಟ್ಟಿ ಊಟ. ಸೋಮವಾರ ನದಿಯ ಮೇಲೆ ನನ್ನ ಕೆಲಸದಲ್ಲಿ ಅವರು ಹುಳುಕು ಹುಡುಕುತ್ತಿದ್ದರು. ಎರಡಕ್ಕೂ ಒಗ್ಗಿಕೊಂಡಿದ್ದೆವು.

ಚಳಿ ಶುರುವಾದ ಒಂದು ಬೆಳಿಗ್ಗೆ, ಕ್ರೇನಿನ ಬಕೆಟ್ಟು ಹೂಳಿನ ಜೊತೆಗೆ ಒಂದು ಕಬ್ಬಿಣದ ಡ್ರಮ್ಮನ್ನೂ ಕಚ್ಚಿಕೊಂಡು ಮೇಲೆ ಬಂತು. ಡ್ರಮ್ಮು ನಜ್ಜುಗುಜ್ಜಾಗಿತ್ತು. ಬಿರುಕಿನಿಂದ ಕಂದು ದ್ರವ ಕೆಳಗಿನ ಬಾರ್ಜಿಗೆ ತೊಟ್ಟಿಕ್ಕುತ್ತಿತ್ತು. ಅಲ್ಲಿ ಹೂಳು ಸರಿಸುತ್ತಿದ್ದ ಪೋಲೆಂಡ್ ಮೂಲದ ಮುದುಕ ಕೆಮ್ಮಿದ, ಕಣ್ಣುಜ್ಜಿಕೊಂಡ, ಹಾಗೇ ಕುಸಿದುಬಿಟ್ಟ.

ನಮ್ಮ ಮೇಲ್ವಿಚಾರಕ ಡ್ರಮ್ಮನ್ನು ವಾಪಸ್ಸು ನೀರಿಗೆ ಹಾಕೆಂದು ಕೂಗಿದ. ಸಾಹೇಬರು ಕೈಯೆತ್ತಿ ಕ್ರೇನಿನವನಿಗೆ ಅಲುಗಬೇಡವೆಂದರು. ಬಕೆಟ್ಟನ್ನು ನೀರಿನ ಕಡೆ ತಿರುಗಿಸಿ ಬಾಯಿ ತೆರೆದರೆ ಡ್ರಮ್ಮು ಒಡೆದು ಎಲ್ಲ ನದಿಗೆ. ಸ್ವಲ್ಪ ತಪ್ಪಿದರೆ ಮುದುಕನ ಮೈಮೇಲೆ. ಕ್ರೇನಿನವನ ಮುಖ ಬಿಳುಚಿಕೊಂಡಿತ್ತು. ಬಕೆಟ್ಟು ತಂತಿಹಗ್ಗದಲ್ಲಿ ಕಿರ್ ಕಿರ್ ಎನ್ನುತ್ತಾ ತೂಗುತ್ತಿತ್ತು.

ಸಾಹೇಬರು ಮಫ್ಲರನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡರು. ನಾವು ನಿಂತಿದ್ದ ಕ್ರೇನಿನ ಅಟ್ಟಣೆಯಿಂದ ನಾನೂ ಬಾರ್ಜಿಗೆ ಇಳಿಯಲು ಹೋದೆ. ಅವರು ಎದೆಗೆ ಕೈಯಿಟ್ಟು ತಡೆದರು.

“ನೀ ಇಳೀಬ್ಯಾಡ. ಮನ್ಯಾಗ ಬಸುರಿ ಹೆಂಡತಿ ಅದಾಳ. ಹಗ್ಗ ಹಿಡಿ, ನಾ ಅಂದಾಗ ಎಳಿ.”

ಮೊಣಕಾಲುದ್ದದ ಹೂಳಿನಲ್ಲಿ, ಆ ಡ್ರಮ್ಮಿನ ಅಡಿಯಲ್ಲೇ ಹಾದು ಹೋದರು. ಮುದುಕನ ಕಂಕುಳಿಗೆ ಹಗ್ಗ ಸುತ್ತಿದರು. ಒಮ್ಮೆ ಜಾರಿ ಬಿದ್ದರು, ಎದ್ದಾಗ ಮಫ್ಲರು ಮುಖದ ಮೇಲಿರಲಿಲ್ಲ. ಎಳೆ ಎಂದು ಅವರು ಕೂಗಿದ್ದು ಕೇಳಿಸಿತೋ, ಕೈ ಆಡಿಸಿದ್ದು ಕಂಡಿತೋ... ಉಳಿದವರೊಡನೆ ಸೇರಿ ಎಳೆದೆ. ಇಬ್ಬರೂ ಮೇಲೆ ಬಂದ ಮೇಲೆ ಕ್ರೇನಿನವನು ಬಕೆಟ್ಟನ್ನು ಬಾಯಿ ತೆರೆಯದೆ ಬಾರ್ಜಿನ ಮೂಲೆಗೆ ಇಳಿಸಿದ.

ಆಸ್ಪತ್ರೆಯಿಂದ ಮಧ್ಯಾಹ್ನವೇ ತಿರುಗಿ ಬಂದ ಸಾಹೇಬರು, ನದಿಯ ತಳವನ್ನೆಲ್ಲ ಹುಡುಕುವವರೆಗೆ ಕೆಲಸ ಬಂದ್ ಎಂದರು. ಮೇಲ್ವಿಚಾರಕ ನನ್ನನ್ನು ಪಕ್ಕಕ್ಕೆ ಕರೆದ. ಅವನು ನಿನ್ನ ದೇಶದವನು, ನಿಮ್ಮ ಭಾಷೆಯಲ್ಲೇ ಹೇಳಿ ಒಪ್ಪಿಸು ಎಂದ. ಹೋದೆ. ಕೆಲಸ ನಿಂತರೆ ಮೊದಲು ಮನೆಗೆ ಹೋಗುವವನು ನಾನೇ. ಹೆರಿಗೆಯ ಇನ್ಶೂರೆನ್ಸೂ ಕಂಪನಿಯದೇ.

“ಸಾಹೇಬ್ರೆ, ಇದೊಂದೇ ಡ್ರಮ್ಮು ಅಂದ್ಕೊಂಡು ಬಿಟ್ಬಿಡೋಕಾಗಲ್ವಾ? ನನ್ನ ಕೆಲಸ ಹೋಗತ್ತೆ.”

ಅವರ ಕಣ್ಣುಗಳು ಇನ್ನೂ ಕೆಂಪಾಗಿದ್ದವು. “ಗೊತ್ತದ. ನಿನ್ನ ಮಾರಿ ನೋಡೂದು ಆಗವಲ್ದು ನನಗ. ಆದ್ರ ತಳದಾಗ ಇನ್ನೊಂದು ಇದ್ರ? ನಾಳೆ ಅಲ್ಲಿ ಯಾರ್ ನಿಂತಿರ್ತಾರ?”

ಬೆನ್ನು ತಿರುಗಿಸಿ ಹೊರಟುಬಂದೆ. ಸಿಟ್ಟು ಬಂದಿತ್ತು.

ಮುಂದಿನ ವಾರ ನನ್ನನ್ನು ಕೆಲಸದಿಂದ ತೆಗೆದರು. ಶಿಕಾಗೋದಲ್ಲಿ ಬೇರೆ ಕೆಲಸ ಸಿಗುವವರೆಗೆ ನಾನೂ ಹೆಂಡತಿಯೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೇ ದಿನ ತಳ್ಳಿದೆವು. ನಾವು ಮನೆ ಖಾಲಿ ಮಾಡುವ ದಿನ ಸಾಹೇಬರು ಕರೆಯದೇ ಬಂದರು, ಕಾರಿನ ಹಿಂದೆ ಕಟ್ಟಿದ ಟ್ರೈಲರಿಗೆ ಸಾಮಾನು ಹೇರಲು. ಪ್ರತಿ ಪೆಟ್ಟಿಗೆಗೂ ಕೆಮ್ಮು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ಕಾರು ಹೊರಡುವಾಗ ಕಿಟಕಿಯೊಳಗೆ ಕೈ ಹಾಕಿ ನನ್ನ ಭುಜ ಅಮುಕಿದರು, ಅಷ್ಟೇ.

ವಸಂತದಲ್ಲಿ ಮಂಜು ಕರಗಿದ ಮೇಲೆ ತಳದಲ್ಲಿ ಇನ್ನೂ ಡ್ರಮ್ಮುಗಳು ಸಿಕ್ಕಿದವು. ಫೋನಿನಲ್ಲಿ ಅದನ್ನು ತಿಳಿಸಿದ್ದು ಅವರ ಹೆಂಡತಿ, ಅವರಲ್ಲ. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು.

ಅವರ ಕೆಮ್ಮು ಹೋಗಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಪಕ್ಕದ ಊರಾದ ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಬೆಳಗಿನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ; ಅಲ್ಲವೆಂದೂ ಹೇಳಲಿಲ್ಲ. ಅಂತ್ಯಕ್ರಿಯೆಗೆ ಶಿಕಾಗೋದಿಂದ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ತನ್ನ ಮಗಳ ತೋಳು ಹಿಡಿದು ಆ ಪೋಲಿಷ್ ಮುದುಕ ನಿಂತಿದ್ದ. ನಮ್ಮ ಮಂತ್ರಗಳು ಮುಗಿಯುವವರೆಗೂ ಕೂರಲಿಲ್ಲ.

ಈಗ ನಮ್ಮ ಮಗಳ ಮನೆ ಹತ್ತಿರವೆಂದು ಇಲ್ಲಿಗೇ ವಾಪಸ್ಸು ಬಂದಿದ್ದೇವೆ. ಡಾಂಬರಿನ ಘಾಟು ಎದ್ದ ಮಾರನೆಯ ದಿನ ಅವಳನ್ನು ಕರೆದುಕೊಂಡು ನದಿಯ ಹತ್ತಿರ ಹೋದೆ. ನೀರಿನ ಮೇಲೆ ಎಣ್ಣೆಯಿರಲಿಲ್ಲ. ದಡದಲ್ಲಿ ಬಕಪಕ್ಷಿಯೊಂದು ನಿಂತಿತ್ತು, ಸ್ವಲ್ಪ ದೂರದಲ್ಲಿ ಯಾರೋ ಗಾಳ ಹಾಕಿ ಕೂತಿದ್ದರು. ಮೀನು ತಿನ್ನಬಾರದೆಂಬ ಬೋರ್ಡು ಇನ್ನೂ ಇದೆ. ಮಗಳು ಇಂಗ್ಲಿಷಿನಲ್ಲಿ, ಇದರಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದಳು. ಸಾಹೇಬರ ಕಥೆ ಹೇಳತೊಡಗಿದೆ. ಈ ನೀರನ್ನು ಅವರು ಹೀಗೆ ಒಂದು ಸಲವೂ ನೋಡಲಿಲ್ಲ.