ಸೌಟಿನ ಮೇಲಿನ ಹೆಸರು

ನನ್ನ ಗೆಳತಿ ತೀರಿಕೊಂಡ ಮೇಲೆ ಅವಳ ನೆನಪಿಗೆಂದು ಅವಳಿದ್ದ ಕಟ್ಟಡದ ಮಹಿಳಾ ಸಂಘದವರು ಒಂದು ಸೌಟು ಮಾಡಿಸಿದರು. ಮೊಳದುದ್ದದ ಸ್ಟೀಲಿನ ಸೌಟು, ಮೇಲೆ ಚಿನ್ನದ ಬಣ್ಣ. ಹಿಡಿಯ ಮೇಲೆ ಅವಳ ಹೆಸರು, ಹೆಸರಿನ ಕೆಳಗೆ ‘ಕೈರುಚಿ ಸ್ಮಾರಕ ಪ್ರಶಸ್ತಿ’ ಎಂಬ ಕೆತ್ತನೆ. ವರ್ಷಕ್ಕೊಮ್ಮೆ ಅಡುಗೆ ಸ್ಪರ್ಧೆ ನಡೆಸಿ ಗೆದ್ದವರಿಗೆ ಇದನ್ನು ಕೊಡುವುದೆಂದು ತೀರ್ಮಾನ. ಆಮೆಯ ಹೆಸರಿನಲ್ಲಿ ಓಟದ ಸ್ಪರ್ಧೆ ಇಟ್ಟಿದ್ದರೂ ನಾನು ಸುಮ್ಮನಿರುತ್ತಿದ್ದೆ. ನನ್ನ ಗೆಳತಿಗೆ ಅಡುಗೆ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಅಂದರೆ ಅಷ್ಟಕ್ಕಷ್ಟೇ ಎಂದಲ್ಲ. ಒಂದು ಸಲ ಗಂಡನಿಗೆ ಜ್ವರ ಬಂದಾಗ ಮೊಟ್ಟೆ ಬೇಯಲು ಇಟ್ಟು ಪತ್ರಿಕೆ ಹಿಡಿದು ಕೂತಳು. ನೀರೆಲ್ಲ ಇಂಗಿ, ಪಾತ್ರೆ ಕಪ್ಪಾಗಿ, ಮೊಟ್ಟೆಗಳು ಪಟಾಕಿಯಂತೆ ಸಿಡಿದು, ಒಂದು ಚೂರು ಹೋಗಿ ಚಾವಣಿಗೆ ಅಂಟಿತು. ಅದನ್ನು ಕೆರೆದು ತೆಗೆಯಲು ಅವಳು ಬಿಡಲಿಲ್ಲ. “ಇರಲಿ, ಸಾಕ್ಷಿಗೆ ಬೇಕಾಗತ್ತೆ” ಎಂದಳು. ಸಾಕ್ಷಿ ಕೇಳುವವರು ಯಾರು? ಪಕ್ಕದ ಮನೆಯವರು ವಾಸನೆ ಹಿಡಿದು, “ಇವತ್ತೇನೋ ಹೊಸರುಚಿ ನಡೀತಿದೆ” ಎಂದರಂತೆ.

ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಅವಳ ಗಂಡ. ನಾನು ಅವರನ್ನು ಭಾವ ಎನ್ನುತ್ತೇನೆ. ಹಾಲಿನ ಡೈರಿಯಲ್ಲಿ ಅವರಿಗೆ ನಸುಕಿನ ಪಾಳಿ, ಮಧ್ಯಾಹ್ನದ ಹೊತ್ತಿಗೆ ಮನೆ. ಬರುವಾಗ ತರಕಾರಿಯನ್ನು ಒಂದೊಂದಾಗಿ ಆರಿಸಿ ತಂದು, ಹಿಂಬದಿಯ ಗೋಡೆಯತ್ತ ಮುಖ ಮಾಡಿದ ಪುಟ್ಟ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿ ನಿಂತರೆಂದರೆ ಸಂಜೆಯವರೆಗೆ ಅವರಿಗೆ ಬೇರೆ ಲೋಕ ಬೇಡ. ಇಬ್ಬರಿಗೆಂದು ಮಾಡಿದ್ದು ಯಾವತ್ತೂ ಐವರಿಗಾಗುತ್ತಿತ್ತು. ಮಿಕ್ಕದ್ದು ಬಟ್ಟಲುಗಳಲ್ಲಿ ಮೇಲಿನ ಮನೆಗೆ, ಕೆಳಗಿನ ಮನೆಗೆ. ಹೊಸಲು ದಾಟಿ ನಾಲ್ಕು ಮಾತಾಡುವುದೆಂದರೆ ಭಾವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಹಾಗಾಗಿ ಹಂಚಲು ಹೋಗುವವಳು ಇವಳು. ಬಟ್ಟಲು ಯಾರ ಕೈಯಲ್ಲಿ ಬಂತೋ ರುಚಿಯೂ ಆ ಕೈಯದೇ ಎಂದು ಇಡೀ ಕಟ್ಟಡ ಒಪ್ಪಿಬಿಟ್ಟಿತು.

ಅವಳು ಮುಚ್ಚಿಟ್ಟಿದ್ದರೆ ಬೇರೆ ಮಾತು. ಪ್ರತಿ ಬಾಗಿಲಲ್ಲೂ ನಿಂತು ಹೇಳುತ್ತಿದ್ದಳು.

“ನನ್ನದಲ್ಲ ರೀ, ಇವರು ಮಾಡಿದ್ದು.”

“ಅಯ್ಯೋ, ಎಂಥ ದೊಡ್ಡ ಮನಸ್ಸು! ಹೆಸರೆಲ್ಲ ಗಂಡನಿಗೆ.”

“ದೇವರಾಣೆ, ನನಗೆ ನೀರು ಕಾಯಿಸೋಕೂ ಬರಲ್ಲ.”

“ಬರೋರು ಯಾವಾಗ್ಲೂ ಹಾಗೇ ಹೇಳೋದು. ತುಂಬಿದ ಕೊಡ ತುಳುಕಲ್ಲ.”

“ಖಾಲಿ ಕೊಡಾನೂ ತುಳುಕಲ್ಲ ಕಣೆ, ಅದು ಇವರ ತಲೆಗೆ ಹೋಗಲ್ಲ” ಎಂದು ಮರುದಿನ ನನ್ನ ಮುಂದೆ ಹಲ್ಲು ಕಡಿಯುತ್ತಿದ್ದಳು. ಅದರಲ್ಲೂ ಹೊಟ್ಟೆ ಸೀಳಿ ಮಸಾಲೆ ತುಂಬಿದ ಬದನೆಕಾಯಿ ಹೋದ ದಿನ ಹೊಗಳಿಕೆಗೆ ಮಿತಿಯೇ ಇರುತ್ತಿರಲಿಲ್ಲ. ‘ನಳಪಾಕ, ನಳಪಾಕ’ ಎಂದು ಬೆರಳು ನೆಕ್ಕುವವರಿಗೆ, ಆ ಮಾತಿನೊಳಗೆ ಒಲೆಯ ಮುಂದೆ ನಿಂತಿರುವವನು ಒಬ್ಬ ಗಂಡಸು ಎನ್ನುವುದು ಒಮ್ಮೆಯೂ ಹೊಳೆಯಲಿಲ್ಲ.

ಅವಳಿಗೆ ನಿಜವಾಗಿ ಬರುತ್ತಿದ್ದ ಕೆಲಸ ಬೇರೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿರುಗುವ ಕಲ್ಲಿನ ಮುಂದೆ ಕೂತು, ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ನಾನು ಮುಂದಿನ ಕೌಂಟರಿನಲ್ಲಿ. ಕೂದಲೆಳೆಯಷ್ಟು ಓರೆಯಾದರೂ ತೆಗೆದು ಮತ್ತೆ ಉಜ್ಜುತ್ತಿದ್ದುದರಿಂದ ಅವಳಿಗೆ ನಾವು ಇಟ್ಟ ಹೆಸರು ಭೂತಗನ್ನಡಿ. ಆ ಕಟ್ಟಡದ ಅರ್ಧಕ್ಕರ್ಧ ಮೂಗುಗಳ ಮೇಲೆ ಇವತ್ತಿಗೂ ಕೂತಿರುವುದು ಅವಳು ಕೂರಿಸಿದ ಗಾಜು. ಅದರೊಳಗಿಂದ ನೋಡಿಕೊಂಡೇ ಅವರು ಅವಳನ್ನು ಅಡುಗೆಯವಳೆಂದು ಕಂಡರು.

ಮಧ್ಯಾಹ್ನದ ಊಟ ನಮ್ಮಿಬ್ಬರಿಗೂ ಅಂಗಡಿಯ ಹಿಂದಿನ ಗಲ್ಲಿಯ ಹೋಟೆಲಿನಲ್ಲಿ. ಅದಕ್ಕೆ ಬೋರ್ಡಿಲ್ಲ. ನಾಲ್ಕು ಮೇಜು, ಒಂದರ ಕಾಲಡಿಗೆ ಮಡಚಿಟ್ಟ ರಟ್ಟು. ಮಾಲೀಕನೇ ಅಡುಗೆಯವನು, ಅವನೇ ಬಡಿಸುವವನು. ಭಾವ ಕಟ್ಟಿಕೊಡುವ ಡಬ್ಬಿಯನ್ನು ಇವಳು ಬೇಡವೆಂದಿದ್ದಳು. “ಮನೆ ಊಟ ಮನೇಲಿ, ಹೋಟೆಲ್ ಊಟ ಹೋಟೆಲಲ್ಲಿ. ಆರಿದ ಡಬ್ಬಿ ತಿನ್ನೋದು ಎರಡಕ್ಕೂ ಅವಮಾನ.” ತಿನ್ನುವುದರಲ್ಲಿ ಅವಳಷ್ಟು ಸುಖಪಡುವವರನ್ನು ನಾನು ನೋಡಿಲ್ಲ. ಮೊದಲ ತುತ್ತಿಗೆ ಕಣ್ಣು ಮುಚ್ಚುವಳು. ಮಾಲೀಕ ಒಲೆಯ ಹತ್ತಿರವೇ ಸೌಟು ಹಿಡಿದು ಕಾಯುವನು.

“ಅಕ್ಕ, ಹೇಗಿದೆ?”

“ಈರುಳ್ಳಿ ಹಾಕೋ ಹೊತ್ತಿಗೆ ಯಾರ ಜೊತೆ ಜಗಳ ಆಡ್ತಿದ್ಯಪ್ಪ?”

“ಗ್ಯಾಸಿನವನ ಜೊತೆ. ನಿಮಗೆ ಹೇಗೆ ಗೊತ್ತಾಯ್ತು?”

“ಅರ್ಧ ಸೀದಿದೆ, ಅರ್ಧ ಹಸಿ.”

“ಬೇರೆ ಮಾಡ್ಕೊಡ್ಲಾ?”

“ಬೇಡ ಬೇಡ. ಜಗಳ ಚೆನ್ನಾಗೇ ಬೆಂದಿದೆ. ಇನ್ನೊಂದು ಬ್ರೆಡ್ ಕೊಡು.”

ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ, ಬೆರಳಿಂದ ಒರೆಸಿ, ತೊಳೆದಿಟ್ಟಂತೆ ಮಾಡಿ ಏಳುತ್ತಿದ್ದಳು. ಒಮ್ಮೆ ಅವಳ ಕಟ್ಟಡದ ಒಬ್ಬಾಕೆ ಆ ಗಲ್ಲಿಯಲ್ಲಿ ಹಾದುಹೋಗುತ್ತ ಇದನ್ನು ನೋಡಿದಳು. ಸದ್ಯ, ಇನ್ನಾದರೂ ನಿಜ ತಿಳಿಯುತ್ತದೆ ಎಂದುಕೊಂಡೆವು. ಎರಡೇ ದಿನದಲ್ಲಿ ಸುದ್ದಿ ಬಂತು: ಪಾಪ, ಅಷ್ಟು ದೊಡ್ಡ ಕೈ, ಆದರೂ ಕಲಿಯೋ ಆಸೆ ನೋಡಿ, ಸಣ್ಣ ಹೋಟೆಲಿಗೂ ಹೋಗಿ ರುಚಿ ಅಭ್ಯಾಸ ಮಾಡ್ತಾರೆ!

ಕಾಯಿಲೆ ಬಲಿತು ಆಸ್ಪತ್ರೆ ಸೇರಿದಾಗ ಅವಳನ್ನು ಕಾಡಿದ ಚಿಂತೆ ಇದೊಂದೇ. ಒಂದು ಮಧ್ಯಾಹ್ನ ನಾನೂ ಭಾವನೂ ಹಾಸಿಗೆಯ ಎರಡು ಬದಿಗೆ ಕೂತಿದ್ದಾಗ ಗಂಡನ ಮಣಿಕಟ್ಟು ಹಿಡಿದು ಹೇಳಿದಳು: “ನಾನು ಹೋದ ಮೇಲೆ ಇವರೆಲ್ಲ ಕೈರುಚಿ ಕೈರುಚಿ ಅಂತ ಅಳೋಕೆ ಬರ್ತಾರೆ. ಆ ಸುಳ್ಳನ್ನ ನನ್ನ ಹೆಸರಿಗೆ ಅಂಟಿಸೋಕೆ ಬಿಡಬೇಡಿ. ಜೀವಮಾನವೆಲ್ಲ ನಿಮ್ಮದನ್ನ ಕದ್ದ ಹಾಗಾಗತ್ತೆ ನನಗೆ.” ಭಾವ ಆಯಿತೆಂದು ತಲೆಯಾಡಿಸಿದರು. ತಲೆಯಾಡಿಸಿದ ಮೇಲೆ ಮುಗಿಯಿತು, ಮಾತಾಡದವರ ಒಪ್ಪಿಗೆ ಗಟ್ಟಿ.

ಅವಳು ಹೋದಳು. ಅವರು ಬಂದರು. “ಎಂಥ ಕೈ ಹೋಯ್ತಲ್ಲಪ್ಪ!” ಬರಿಗೈಯಲ್ಲೂ ಬರಲಿಲ್ಲ. ಗಂಡಸು, ಒಲೆ ಹಚ್ಚಲೂ ಬರದವನು, ಹಸಿದು ಬಿದ್ದಿರುತ್ತಾನೆಂದು ಸರದಿಯ ಮೇಲೆ ಡಬ್ಬಿ ತಂದರು. ಒಬ್ಬರದು ಅಂಟು, ಒಬ್ಬರದು ಉಪ್ಪು, ಒಬ್ಬರ ಬೀನ್ಸನ್ನು ಕತ್ತರಿಸಲು ಗರಗಸ ಬೇಕು. ಭಾವ ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡು, ತಿಂದು, ಡಬ್ಬಿ ತೊಳೆದು ಕಳಿಸಿದರು. ತೊಳೆದ ಡಬ್ಬಿ ನೋಡಿ ಅವರೆಂದರು, ಪಾಪ, ಎಷ್ಟು ಹಸಿದಿದ್ರೋ!

ಆಮೇಲೆ ಸೌಟಿನ ಸುದ್ದಿ. ಕೇಳಿದ ದಿನವೇ ಭಾವ ಅಂಗಿ ಇಸ್ತ್ರಿ ಮಾಡಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು, ಸಂಘದ ಅಧ್ಯಕ್ಷೆಯ ಮನೆಗೆ ಹೋದರು. ಸೋಫಾದ ತುದಿಯಲ್ಲಿ ಕೂತರು.

“ಅವಳಿಗೆ ಅಡುಗೆ ಬರ್ತಿರಲಿಲ್ಲ” ಎಂದರು.

“ಅವರೂ ಹೀಗೇ ಹೇಳ್ತಿದ್ರು ಅಣ್ಣ! ನಿಮಗೂ ಅದೇ ವಿನಯ ಬಂದುಬಿಟ್ಟಿದೆ.”

“ಮಾಡ್ತಿದ್ದದ್ದು ನಾನು.”

ಅಧ್ಯಕ್ಷೆಯ ಕಣ್ಣು ತುಂಬಿತು. “ದುಃಖ ಏನೇನೋ ಮಾತಾಡಿಸತ್ತೆ. ನಮ್ಮ ಯಜಮಾನ್ರಿಗೆ ಅಡುಗೆಮನೇಲಿ ಸಕ್ಕರೆ ಎಲ್ಲಿದೆ ಅಂತ ಗೊತ್ತಿಲ್ಲ. ಗಂಡಸರ ಕಷ್ಟ ನನಗೆ ಅರ್ಥವಾಗತ್ತೆ.”

“ಇವರು ನಿಜ ಹೇಳ್ತಿದ್ದಾರೆ” ಎಂದೆ ನಾನು.

“ನೀವು ಹೋಟೆಲಲ್ಲಿ ತಿನ್ನೋರು, ನಿಮಗೇನು ಗೊತ್ತು?” ಎಂದು ನನ್ನ ಬಾಯಿ ಮುಚ್ಚಿಸಿ, ನಮಗೆ ಚಹಾ ಕೊಟ್ಟಳು. ಅದನ್ನು ಚಹಾ ಎಂದಿದ್ದು ಅವಳೇ.

ಮೆಟ್ಟಿಲಿಳಿಯುವಾಗ ಭಾವ ತಟ್ಟನೆ ನಿಂತರು. “ಮಾತಲ್ಲಿ ನಂಬಲ್ಲ. ತಿಂದ್ರೆ ನಂಬ್ತಾರೆ.” ಮರುದಿನ ಹೋಗಿ ಸ್ಪರ್ಧೆಗೆ ತಮ್ಮ ಹೆಸರು ಕೊಟ್ಟು ಬಂದರು.

ಸ್ಪರ್ಧೆ ಕಟ್ಟಡದ ನೆಲಮಹಡಿಯ ಸಭಾಂಗಣದಲ್ಲಿ. ಉದ್ದನೆಯ ಮೇಜು, ಅದರ ಮೇಲೆ ಹೂದಾನಿ, ನಡುವೆ ಸೌಟು. ಭಾವ ತಂದಿದ್ದು ಬದನೆಕಾಯಿ. ವರ್ಷಗಟ್ಟಲೆ ಅದೇ ಬಟ್ಟಲಿನಲ್ಲಿ ಅವರ ಮನೆಗಳಿಗೆ ಹೋದ ಅದೇ ಬದನೆಕಾಯಿ. ಅಧ್ಯಕ್ಷೆ ಮತ್ತು ಅವಳ ಇಬ್ಬರು ಆಪ್ತರೇ ತೀರ್ಪುಗಾರರು. ಉಳಿದ ತಟ್ಟೆಗಳ ಮುಂದೆ ಚಮಚದ ತುದಿ ಮಾತ್ರ ಮುಟ್ಟಿಸಿದವರು ಭಾವನ ಬಟ್ಟಲ ಮುಂದೆ ನಿಂತು ತಲಾ ಒಂದೊಂದು ಇಡೀ ಬದನೆಕಾಯಿ ಮುಗಿಸಿದರು. ತೊಟ್ಟನ್ನೂ ಚೀಪಿದರು. ಗೆದ್ದೆವು ಎಂದುಕೊಂಡೆ ನಾನು.

ಅಧ್ಯಕ್ಷೆ ಮೈಕ್ ಹಿಡಿದಳು. “ನಮ್ಮ ಅಣ್ಣನ ಪ್ರಯತ್ನ ನೋಡಿ ಕರುಳು ಚುರುಕ್ ಅಂತು. ಹೆಂಡತಿ ಮಾಡೋದನ್ನ ನೋಡಿ ನೋಡಿ ಇಷ್ಟು ಕಲಿತಿದ್ದಾರೆ. ತುಂಬಾ ಹತ್ತಿರ ಬಂದಿದ್ದಾರೆ. ಆದರೆ ಆಕೆಯ ಕೈಯ ಆ ಒಂದು ಹದ ಇದೆಯಲ್ಲ, ಅದು ಇಲ್ಲ. ಅದೆಲ್ಲಿಂದ ಬರಬೇಕು?” ಚಪ್ಪಾಳೆ. ಭಾವನಿಗೆ ಸಮಾಧಾನಕರ ಬಹುಮಾನ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ. ಸೌಟು ಎರಡನೇ ಮಹಡಿಯ ಒಬ್ಬಾಕೆಗೆ ಹೋಯಿತು, ಹೂವಿನ ಹಾಗೆ ಕತ್ತರಿಸಿದ ಸೌತೆಕಾಯಿಗೆ.

ಭಾವ ತಮ್ಮ ಬಟ್ಟಲನ್ನು ಎತ್ತಿಕೊಂಡು ಮೇಲೆ ಬಂದರು. ನಾನು ಹಿಂದೆಯೇ ಬಂದು, ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಅಡುಗೆಮನೆಯಲ್ಲಿ ನಿಂತು ಖಾಲಿ ಮಾಡಿದೆ. ಅವರು ಉಳಿದಿದ್ದ ಒಂದು ಬದನೆಕಾಯಿಯನ್ನು ಅರ್ಧ ಮಾಡಿ ನನಗೆ ಕೊಟ್ಟು, ಇನ್ನರ್ಧ ತಾವು ತಿಂದರು. ನಿಧಾನವಾಗಿ ಅಗಿದರು.

“ಹುಳಿ ಕಮ್ಮಿ” ಎಂದರು.

ನಾನು ಮತ್ತೆ ತಿಂದು ನೋಡಿದೆ. ಹೌದು, ಕಮ್ಮಿ.

“ಸಂಜೆ ಬಂದೋಳು ಚಪ್ಪಲಿ ಬಿಡೋಕೆ ಮುಂಚೆನೇ ಬಾಯಿ ತೆಗೀತಿದ್ಲು. ಚಮಚದಲ್ಲಿ ಹಾಕ್ತಿದ್ದೆ. ಇನ್ನೊಂಚೂರು ಹುಳಿ ಅನ್ನೋಳು, ಇಲ್ಲಾ ಸಾಕು ಅನ್ನೋಳು. ನನಗೆ ಆ ಲೆಕ್ಕ ಯಾವತ್ತೂ ಗೊತ್ತಿರಲಿಲ್ಲ.” ಅವರು ಒಲೆಯ ಕಡೆ ತಿರುಗಿ ನಿಂತರು. “ಅವರು ಹೇಳಿದ್ದು ತಪ್ಪಲ್ಲ. ಅವಳದ್ದು ಏನೋ ಒಂದು ಕಮ್ಮಿನೇ ಇದೆ.”

ಆ ಮೂರು ನಾಲಿಗೆಗಳಿಂದ ಕಾಲು ಜಾರಿ ಒಂದು ನಿಜ ಬಿದ್ದಿತ್ತು ಎಂದು ಒಪ್ಪುವುದು ನನಗೆ ಇವತ್ತಿಗೂ ಕಹಿ. ಅವರಿಗೇ ಅದು ಗೊತ್ತಿಲ್ಲ ಎಂಬುದಷ್ಟೇ ಸಮಾಧಾನ.

ವಾರ ಕಳೆದಿರಲಿಲ್ಲ, ಸೌತೆಕಾಯಿಯಾಕೆ ಸೌಟನ್ನು ಪತ್ರಿಕೆಯಲ್ಲಿ ಸುತ್ತಿ ಹಿಡಿದು ಭಾವನ ಬಾಗಿಲು ತಟ್ಟಿದಳು. ನಾನೂ ಅಲ್ಲಿದ್ದೆ. ಇವಳಿಗಾದರೂ ಬುದ್ಧಿ ಬಂತು ಎಂದುಕೊಂಡೆ.

“ಅಂಕಲ್, ಬೇಜಾರು ಮಾಡ್ಕೋಬೇಡಿ. ಸತ್ತವರ ಹೆಸರಿರೋ ಸಾಮಾನು ಅಡುಗೆಮನೇಲಿ ಬೇಡ ಅಂತಾರೆ ನಮ್ಮತ್ತೆ. ಸ್ವಲ್ಪ ದಿನ ನಿಮ್ಮ ಹತ್ರ ಇರಲಿ.”

“ಹೆಸರು ಇಲ್ಲದಿದ್ರೆ ಪರವಾಗಿಲ್ವಾ?” ಎಂದು ಕೇಳಿದರು ಭಾವ.

“ಅಯ್ಯೋ, ಹೆಸರು ಇಲ್ಲದಿದ್ರೆ ಏನು ತೊಂದರೆ?”

“ಒಂದು ನಿಮಿಷ ಕೂತ್ಕೊಳಮ್ಮ.”

ಒಳಗಿಂದ ಲೋಹ ಉಜ್ಜುವ ಅರ ತಂದು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಸೌಟನ್ನು ಮೊಣಕಾಲ ಮೇಲಿಟ್ಟು ಉಜ್ಜತೊಡಗಿದರು. ಚಿನ್ನದ ಬಣ್ಣ ಮೊದಲ ಎಳೆತಕ್ಕೇ ಹೊಟ್ಟಿನ ಹಾಗೆ ಉದುರಿತು. ಆಮೇಲೆ ಸ್ಟೀಲು ಕಿರುಗುಟ್ಟಿತು. ಆಕೆ ಕಿವಿ ಮುಚ್ಚಿಕೊಂಡು ಕೂತಳು. ನನ್ನ ಗೆಳತಿಯ ಹೆಸರು ಒಂದೊಂದೇ ಅಕ್ಷರವಾಗಿ ಹೋಯಿತು. ಉಳಿದ ‘ಕೈರುಚಿ’ಯನ್ನು ಭಾವ ಮುಟ್ಟಲಿಲ್ಲ. “ಅದು ಯಾರದ್ದಾದ್ರೂ ಆಗಿರಲಿ” ಎಂದು ಒರೆಸಿ ಕೊಟ್ಟರು. ಆಕೆ ಸಂತೋಷವಾಗಿ ತೆಗೆದುಕೊಂಡು ಹೋದಳು.

ಸಂಘದಲ್ಲಿ ಗದ್ದಲವಾಯಿತು. ಕೊನೆಗೆ ಅಧ್ಯಕ್ಷೆಯೇ, ದುಃಖದಲ್ಲಿ ಮಾಡಿದ್ದು, ಹೆಂಡತಿಯ ಹೆಸರನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ ಪಾಪ, ಎಂದು ಎಲ್ಲರನ್ನೂ ಅಳಿಸಿ ಸಮಾಧಾನ ಮಾಡಿದಳಂತೆ. ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ಸೌಟು, ಈ ಸಲ ಹಿತ್ತಾಳೆಯದು, ಹೆಸರನ್ನು ಆಳವಾಗಿ ಕೆತ್ತಿಸುತ್ತಾರಂತೆ. ಆ ಸುದ್ದಿಯನ್ನು ನಾನೇ ಹೋಗಿ ಭಾವನಿಗೆ ಹೇಳಿದೆ. ಅವರು ಒಲೆಯ ಮೇಲಿನ ಪಾತ್ರೆಯಿಂದ ಚಮಚದಲ್ಲಿ ತೆಗೆದು, ಊದಿ, ನನ್ನ ಮುಂದೆ ಹಿಡಿದರು. ಉಪ್ಪು ಜಾಸ್ತಿ ಎಂದೆ. ಅವರು ತಲೆಯಾಡಿಸಿ, ಒಂದು ಲೋಟ ನೀರು ಸುರಿದು, ಹೇಳಿದರು:

“ಹಿತ್ತಾಳೆಯಾದ್ರೆ ಇನ್ನೂ ಸುಲಭ. ಸ್ಟೀಲಿನಷ್ಟು ಗಟ್ಟಿ ಇರಲ್ಲ.”