ಕಿಲುಬು ಹಿಡಿದ ತಂತಿ

ಮೊನ್ನೆ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಬೋರಿನ ಮೋಟಾರು ಸುಮ್ಮನಾಯಿತು. ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಿದರೆ ಒಂದು ತಂತಿಯ ತುದಿಗೆ ಹಸಿರು ಕಿಲುಬು. ಉಗುರಿನಿಂದ ಕೆರೆದು ಮೂಸಿದೆ. ನಿವೃತ್ತನಾದ ಮೇಲೂ ಇಂಥ ಚಟಗಳು ಬಿಡುವುದಿಲ್ಲ, ನೀವು ನಗಬೇಡಿ. ಆ ತಾಮ್ರದ ವಾಸನೆಗೆ ಜುಗೂಳದ ಕಲ್ಲಪ್ಪ ಮಾಮಾ ನೆನಪಾದರು.

ಎಂಬತ್ತರ ದಶಕದ ಕೊನೆ. ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಹೊಸ ಇಂಜಿನಿಯರ್. ಕಬ್ಬು ಅರೆಯುವ ಗಾಣಗಳ ಬೇರಿಂಗು ಎಷ್ಟು ಕಾದಿದೆ ಎಂದು ದೂರದ ಕೋಣೆಯಲ್ಲೇ ತೋರಿಸುವ ಮೀಟರುಗಳು ಆ ವರ್ಷ ಬಂದಿದ್ದವು. ಶಾಖ ಮಿತಿ ದಾಟಿದರೆ ಗಾಣ ತಾನಾಗಿ ನಿಲ್ಲುತ್ತಿತ್ತು. ಅವನ್ನು ಕೂಡಿಸಿದವನು ನಾನು. ಹೀಗಾಗಿ ಅವು ಸುಳ್ಳಾಡುವುದಿಲ್ಲ ಎಂಬ ನಂಬಿಕೆ ನನಗೆ ತುಸು ಜಾಸ್ತಿಯೇ ಇತ್ತು. ಆ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕೆಂದು ಬೋರ್ಡು ಬೇರೆ ಹಾಕಿಸಿದ್ದೆ.

ಗಾಣಗಳಿಗೆ ಎಣ್ಣೆ ಹಾಕುವ ಕೆಲಸ ಕಲ್ಲಪ್ಪನವರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎಲ್ಲರಿಗೂ ಮಾಮಾ. ಬೇರಿಂಗಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ನಿಲ್ಲುತ್ತಿದ್ದರು.

ಹಂಗಾಮಿನ ನಡುವೆ ಮೂರನೆಯ ಗಾಣ ಒಂದೇ ವಾರದಲ್ಲಿ ನಾಲ್ಕು ಸಲ ನಿಂತಿತು. ಪ್ರತಿ ಸಲವೂ ಬೇರಿಂಗು ಕಾದಿದೆ ಎಂದೇ ಮೀಟರು ತೋರಿಸುತ್ತಿತ್ತು. ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೂ ಬೆಳೆದು, ಸತ್ತಿ ಊರಿನ ಕಡೆಯ ರೈತರು ಗೇಟಿಗೆ ಬಂದು ಕೂತರು. ಮುಖ್ಯ ಇಂಜಿನಿಯರು ಕರೆದು ಕೇಳಿದಾಗ, ಮೀಟರು ಸರಿಯಾಗಿದೆ, ಎಣ್ಣೆ ಹಾಕುವುದರಲ್ಲೇ ಏನೋ ತಪ್ಪಿರಬೇಕು ಎಂದೆ. ಮಾಮಾ ಅಲ್ಲೇ ನಿಂತಿದ್ದರು. ದನಿ ಏರಿಸದೆ ಹೇಳಿದರು:

"ಕೈ ಇಟ್ಟ ನೋಡೀನ್ರಿ, ತಣ್ಣಗೈತಿ. ಮತ್ತ ಅಷ್ಟ ದೊಡ್ಡ ಕಬ್ಬಿಣ ಕಣ್ಣ ಮುಚ್ಚಿ ತೆಗಿಯೂದ್ರಾಗ ಕಾಯಂಗಿಲ್ರಿ."

ಅಂಗೈಯ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಅಂದೇ ಅವರನ್ನು ಅಮಾನತು ಮಾಡಿ ಮನೆಗೆ ಕಳಿಸಿದರು.

ಮರುದಿನ ಮಧ್ಯಾಹ್ನ, ಬೇರೊಬ್ಬರು ಎಣ್ಣೆ ಹಾಕುತ್ತಿದ್ದಾಗಲೇ, ನನ್ನ ಕಣ್ಣೆದುರು ಮೀಟರಿನ ಮುಳ್ಳು ಒಂದೇ ನೆಗೆತಕ್ಕೆ ಮೇಲೇರಿ ಗಾಣ ನಿಂತಿತು. ಕಾಯುವ ಕಬ್ಬಿಣದ ಶಾಖ ನಿಧಾನ ಏರುತ್ತದೆ, ನೆಗೆಯುವುದಿಲ್ಲ. ಮಾಮಾ ಹೇಳಿದ್ದು ಆಗ ತಲೆಗೆ ಹೋಯಿತು. ಕೋಣೆ ಬಿಟ್ಟು ತಂತಿಯ ಬೆನ್ನು ಹಿಡಿದು ಹೊರಟೆ. ಗಾಣದ ಕಟ್ಟೆಯ ಕೆಳಗೆ ತಂತಿಗಳನ್ನು ಜೋಡಿಸುವ ಡಬ್ಬಿಯೊಂದಿತ್ತು. ನೆಲ ತೊಳೆದ ನೀರು ಅದರೊಳಗೆ ಇಳಿದು, ಸ್ಕ್ರೂ ಅಡಿಯ ತಂತಿ ಹಸಿರಾಗಿತ್ತು. ಗಾಣ ಅದುರಿದಾಗ ಆ ಜೋಡಣೆ ಸಡಿಲವಾಗುತ್ತಿತ್ತು. ಶಾಖ ಏರಿದಷ್ಟೂ ವಿದ್ಯುತ್ತಿನ ಹರಿವಿಗೆ ಅಡ್ಡಿ ಹೆಚ್ಚುತ್ತದೆ, ಮೀಟರು ಅಳೆಯುವುದು ಆ ಅಡ್ಡಿಯನ್ನು. ಸಡಿಲ ತಂತಿಯ ಅಡ್ಡಿಯನ್ನೂ ಅದು ಶಾಖವೆಂದೇ ಓದುತ್ತಿತ್ತು. ಡಬ್ಬಿಯ ಮುಚ್ಚಳಕ್ಕೆ ರಬ್ಬರು ಪಟ್ಟಿ ಹಾಕಲು ಮರೆತವನು ನಾನೇ.

ತುದಿ ಕತ್ತರಿಸಿ, ಕೆರೆದು, ಬಿಗಿದೆ. ಹತ್ತು ನಿಮಿಷದ ಕೆಲಸ. ಪಾಳಿಯ ಪುಸ್ತಕದಲ್ಲಿ "ಸರಿಪಡಿಸಲಾಗಿದೆ" ಎಂದಷ್ಟೇ ಬರೆದೆ. ಯಾರ ತಪ್ಪೆಂದು ಹೇಳದೆ ಮುಗಿಸಲು ಇಂಥ ವಾಕ್ಯ ಬಹಳ ಅನುಕೂಲ.

ಎರಡು ದಿನ ಹಾಗೆಯೇ ಕಳೆದವು. ಮೂರನೆಯ ದಿನ ಬಸ್ಸು ಹತ್ತಿ ಜುಗೂಳಕ್ಕೆ ಹೋದೆ. ಮಾಮಾ ಎಮ್ಮೆಗೆ ಮೇವು ಹಾಕುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿ, ತಪ್ಪಾಯಿತೆಂದೆ. ಅವರು ಮೇವಿನ ಕಟ್ಟು ಕೆಳಗಿಟ್ಟು ಕೇಳಿದರು:

"ದೊಡ್ಡ ಸಾಹೇಬ್ರ ಮುಂದ ಹೇಳೀರೇನ್ರಿ?"

ಇನ್ನೂ ಇಲ್ಲ ಎಂದೆ.

"ಹಂಗಾರ ಮದಲ ಅಲ್ಲಿ ಹೇಳ್ರಿ. ನನ್ನ ತಪ್ಪಲ್ಲಂತ ನನಗ ಗೊತ್ತೈತಿ. ಅವರಿಗೆ ಗೊತ್ತಿಲ್ಲ."

ಚಹಾ ಕುಡಿಸಿಯೇ ಕಳಿಸಿದರು. ಮರುದಿನ ಪಾಳಿ ಬದಲಾಗುವ ಹೊತ್ತಿಗೆ, ಎಲ್ಲರೂ ಸೇರಿದ್ದಾಗ, ಮುಖ್ಯ ಇಂಜಿನಿಯರ ಎದುರೇ ಹೇಳಿದೆ. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಮಾಮಾ ಕೆಲಸಕ್ಕೆ ಮರಳಿದರು. ಆಮೇಲೆ ಯಾವ ಮೀಟರು ಹೆಚ್ಚುಕಮ್ಮಿ ತೋರಿಸಿದರೂ ಮೊದಲು ಅವರು ಕೈ ಇಟ್ಟು ನೋಡಿ ಬರುತ್ತಿದ್ದರು, ಅನಂತರ ಇಬ್ಬರೂ ಕೂಡಿ ತಂತಿ ಹುಡುಕುತ್ತಿದ್ದೆವು.

ನಿನ್ನೆ ಮನಸ್ಸು ತಡೆಯದೆ ಜುಗೂಳಕ್ಕೆ ಹೋದೆ. ಮಾಮಾ ಎಂಬತ್ತು ದಾಟಿದ್ದಾರೆ. ನನ್ನನ್ನು ಗುರುತಿಸಿ, ಸೊಸೆಯನ್ನು ಹೊರಗೆ ಕರೆದರು.

"ಇವರ ನೋಡವಾ, ತಪ್ಪ ನಂದಂತ ಎಲ್ಲಾರ ಮುಂದ ನಿಂತ ಹೇಳಿದ ಸಾಹೇಬ್ರು."

ಇಷ್ಟು ವರ್ಷ ನಾನು ನನ್ನನ್ನು ಅವರ ಮೇಲೆ ತಪ್ಪು ಹೊರಿಸಿದವನೆಂದೇ ನೆನೆದುಕೊಂಡಿದ್ದೆ. ಅವರ ನೆನಪಿನಲ್ಲಿ ಆ ಭಾಗವೇ ಇರಲಿಲ್ಲ. ನನ್ನನ್ನು ಹೇಳಲು ಕಳಿಸಿದವರು ತಾವೇ ಎಂಬುದನ್ನೂ ಬಿಟ್ಟುಬಿಟ್ಟಿದ್ದರು. ಸೊಸೆ ಗೌರವದಿಂದ ನನ್ನತ್ತ ನೋಡಿದಳು. ನಾನು ಅವಳಿಗೆ ಮೊದಲಿನಿಂದ ಹೇಳತೊಡಗಿದೆ. ಇರಲಿ ಬಿಡ್ರಿ ಎಂದು ಮಾಮಾ ನಡುವೆ ಎರಡು ಸಲ ತಡೆದರು. ನಾನು ನಿಲ್ಲಿಸಲಿಲ್ಲ.