ಮೂರು ಬೆರಳು ಮೇಲಿನ ಗೆರೆ

ಅಥವಾ ಸಂಗಣ್ಣ ಹಾಗೆ ಹೇಳಲೇ ಇಲ್ಲವೇನೋ. ಕೇಳಿದ್ದು ನಾನೇ, ಅವನು ಬರೀ ತಲೆಯಾಡಿಸಿದ್ದು, ಆಮೇಲೆ ಆ ಮಾತನ್ನು ಅವನ ಬಾಯಿಗೆ ಹಾಕಿ ನೆನಪಿಟ್ಟುಕೊಂಡದ್ದು ನಾನು. ಹೀಗೂ ಇರಬಹುದು. ಇದನ್ನು ಬರೆಯಲು ಕೂತಾಗಲೆಲ್ಲ ಇಲ್ಲಿಗೆ ಬಂದು ಕೈ ನಿಲ್ಲುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಿಜವಾಗಿ ಆದದ್ದು ಯಾವುದು, ಆಮೇಲೆ ಸೇರಿಕೊಂಡದ್ದು ಯಾವುದು ಎಂದು ಪೂರ್ತಿ ಬೇರ್ಪಡಿಸಲು ನನಗೆ ಆಗಿಲ್ಲ.

ಇಂಥ ನಂಬಲಾಗದ ಅನುಭವಗಳನ್ನು ಹೇಳಿಕೊಳ್ಳುವವರಿಗೆ ನಾನು ಒಳ್ಳೆಯ ಕೇಳುಗನಾಗಿರಲಿಲ್ಲ. ಆಗ ಬೆಳಕೆಷ್ಟಿತ್ತು, ನಿಮಗೆ ನಿದ್ದೆ ಸರಿಯಾಗಿತ್ತೇ, ಮೊದಲು ಯಾರಿಗೆ ಹೇಳಿದಿರಿ ಎಂದು ಕೇಳುತ್ತಿದ್ದೆ. ಅಷ್ಟರಲ್ಲಿ ಹೇಳುವವರ ದನಿ ತಗ್ಗುತ್ತಿತ್ತು, ನನಗೆ ಗೆದ್ದ ಹಾಗೆ ಅನಿಸುತ್ತಿತ್ತು. ಈಗ ಅದೇ ಪ್ರಶ್ನೆಗಳನ್ನು ನನಗೆ ನಾನು ಕೇಳಿಕೊಳ್ಳುತ್ತೇನೆ. ಅವುಗಳಿಂದ ಏನೂ ಕರಗುವುದಿಲ್ಲ.

ಬೈಕು ನನ್ನದಲ್ಲ, ನನ್ನ ಹೆಂಡತಿ ಸುಮಾಳ ತಮ್ಮ ಮಂಜುವಿನದು. ರಾಜಾಜಿನಗರದಲ್ಲಿ ನಲ್ಲಿ-ಟೈಲ್ಸ್ ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ತುಂಬ ಎತ್ತರ. ಬೈಕಿನ ಮೇಲೆ ಕೂತರೆ ಮೊಣಕಾಲುಗಳು ಎರಡೂ ಕಡೆ ಚಾಚಿಕೊಂಡು ಹಿಂದಿನಿಂದ ಬರುವವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಹತ್ತುವ ಮೊದಲು ಟ್ಯಾಂಕನ್ನು ಎರಡು ಸಲ ತಟ್ಟುವ ಅಭ್ಯಾಸವಿತ್ತು ಅವನಿಗೆ, ಎತ್ತಿನ ಬೆನ್ನು ತಟ್ಟಿದ ಹಾಗೆ. ಅಂಗಡಿಗಳ ಒಳಗೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ‘ಕಳ್ಳ ಅಂದ್ಕೋತಾರೆ ಕಣೋ’ ಎಂದು ಅವನ ಅಮ್ಮ ಬೈಯುತ್ತಿದ್ದರು.

ಒಂದು ದಿನ ಅವನು ಕೆಂಗೇರಿ ಮೆಟ್ರೋ ನಿಲ್ದಾಣದ ಹತ್ತಿರ ಬೈಕು ನಿಲ್ಲಿಸಿ ಹೋದವನು ಮನೆಗೆ ಬರಲಿಲ್ಲ. ಜಗಳವಾಗಿರಲಿಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ದೂರು ಕೊಟ್ಟೆವು, ಆಸ್ಪತ್ರೆಗಳಿಗೆ ಅಲೆದೆವು. ಸುಮಾ ಅವನ ಫೋಟೋ ಹಿಡಿದು ಎಷ್ಟು ರಸ್ತೆಗಳಲ್ಲಿ ನಡೆದಳೋ ಗೊತ್ತಿಲ್ಲ. ಎರಡು ವರ್ಷ ಕಳೆದವು. ಬೈಕನ್ನು ಚಂದ್ರಾ ಲೇಔಟಿನ ನಮ್ಮ ಮನೆಗೆ ತಂದು ನಿಲ್ಲಿಸಿದ್ದೆವು. ‘ಓಡಿಸ್ತಾ ಇರಿ ಅಳಿಯಂದ್ರೆ, ನಿಂತ್ರೆ ಹಾಳಾಗುತ್ತೆ. ಬಂದ ಮೇಲೆ ಬೈತಾನೆ’ ಎಂದು ಅತ್ತೆ ಹೇಳಿದರು. ಅದಕ್ಕೇ ಓಡಿಸತೊಡಗಿದೆ.

ಮೈಸೂರು ರಸ್ತೆಯಲ್ಲಿ ಬಿಡದಿಯ ಕಡೆ ನನ್ನ ಕೆಲಸ. ಆ ದಾರಿಯ ಗಾಳಿ ಎದೆಗೆ ಗುದ್ದುತ್ತದೆ. ಸಂಜೆ ಮನೆಗೆ ಬಂದರೆ ಕಿವಿಯಲ್ಲಿ ಗುಂಯ್‌ಗುಡುವುದು ಊಟವಾದರೂ ನಿಲ್ಲುತ್ತಿರಲಿಲ್ಲ. ರಾಜಾಜಿನಗರದಲ್ಲಿ ಗಾಳಿ ತಡೆಯುವ ಒಂದು ಚಿಕ್ಕ ಶೀಲ್ಡ್ ಹಾಕಿಸಿದೆ. ಎದೆಗೆ ಹೊಡೆಯುತ್ತಿದ್ದ ಗಾಳಿ ಹೆಲ್ಮೆಟ್ಟಿಗೇ ಹೊಡೆಯತೊಡಗಿತು, ಸದ್ದು ಇಮ್ಮಡಿಯಾಯಿತು. ಸಿದ್ಧವಾಗಿ ಸಿಗುವ ದೊಡ್ಡದೊಂದು ತಂದರೆ ಅದು ವೇಗದಲ್ಲಿ ನಡುಗುತ್ತಿತ್ತು. ಕೊನೆಗೆ ಯಾರೋ ಸುಂಕದಕಟ್ಟೆಯ ಸಂಗಣ್ಣನ ಅಂಗಡಿ ಹೇಳಿದರು. ಹೆಡ್‌ಲೈಟಿನ ಸುತ್ತ ಕೂರಿಸುವ ಅರ್ಧ ಹೊದಿಕೆ, ಅದರ ಮೇಲೆ ಪಾರದರ್ಶಕ ಶೀಲ್ಡ್. ಎಲ್ಲ ಸೇರಿ ಫೇರಿಂಗ್ ಅನ್ನುತ್ತಾರೆ. ಅದನ್ನು ಅವನು ಸವಾರನ ಅಳತೆಗೆ ಕತ್ತರಿಸಿ ಕೊಡುತ್ತಿದ್ದ.

ಸಂಗಣ್ಣ ಗದಗದ ಕಡೆಯವನು, ಮಾತುಗಾರ. ನನ್ನ ಕಿವಿಯ ಕತೆ ಕೇಳಿ, ‘ಗಾಳಿಗೆ ಅಂಜಿ ಗ್ವಾಡಿ ಕಟ್ಟಸ್ತೀರಿ. ಬಾಗಲಾನೂ ಇಡ್ಲೇನ್ರೀ ಸರ?’ ಎಂದು ನಕ್ಕ. ಅಳತೆ ತೆಗೆಯುವ ರೀತಿ ಸರಳ. ಬೈಕಿನ ಮುಂದೆ ರಟ್ಟಿನ ಹಾಳೆಯೊಂದನ್ನು ನಿಲ್ಲಿಸುತ್ತಾನೆ. ನಾವು ಹೆಲ್ಮೆಟ್ ಹಾಕಿಕೊಂಡು ದಿನಾ ಕೂರುವ ಹಾಗೆ ಕೂರಬೇಕು. ನಮ್ಮ ಮೂಗಿನ ನೇರಕ್ಕೆ ರಟ್ಟಿನ ಮೇಲೆ ಗೆರೆ ಎಳೆಯುತ್ತಾನೆ. ಶೀಲ್ಡಿನ ಅಂಚು ಆ ಗೆರೆಗೆ ಬಂದರೆ ಕಣ್ಣು ಅದರ ಮೇಲಿನಿಂದ ರಸ್ತೆಯನ್ನು ನೋಡುತ್ತದೆ, ಗಾಳಿ ಹೆಲ್ಮೆಟ್ ದಾಟಿ ಹೋಗುತ್ತದೆ. ಅಂಚು ಕಣ್ಣಿಗೇ ಅಡ್ಡ ಬಂದರೆ ರಸ್ತೆ ಎರಡು ತುಂಡಾಗಿ ಕಾಣುತ್ತದೆ. ನನ್ನ ಗೆರೆ ಎಳೆದು, ಬೈಕನ್ನು ಅಲ್ಲೇ ಬಿಟ್ಟು ನಾಳೆ ಬನ್ನಿ ಎಂದ. ನಾನು ಆಟೋದಲ್ಲಿ ಮನೆಗೆ ಬಂದೆ. ಇಷ್ಟರವರೆಗೆ ನನಗೆ ಅನುಮಾನವಿಲ್ಲ.

ಮರುದಿನ ಹೋದಾಗ ಫೇರಿಂಗ್ ಕೂತಿತ್ತು. ಚೆನ್ನಾಗಿಯೂ ಇತ್ತು. ಹತ್ತಿ ಕೂತೆ. ಅಂಚು ಸರಿಯಾಗಿ ನನ್ನ ಕಣ್ಣಿಗೆ ಅಡ್ಡ ನಿಂತಿತು. ಸಂಗಣ್ಣನಿಗೆ ಹೇಳಿದರೆ ಅವನು ಮುಖ ಗಂಟು ಹಾಕಿದ.

‘ಮತ್ತ ನೀವ ಹೇಳೀರಲ್ರೀ. ನಿನ್ನಿ ಸಂಜಿಮುಂದ ಬಂದು ಕುಂತ್ರಿ, ಇನ್ನೂ ಮ್ಯಾಲ ಅಂತ ಕೈ ಮಾಡಿದ್ರಿ.’

ಸಂಜೆ ನಾನು ಬರಲಿಲ್ಲ ಎಂದೆ. ಅವನು ತಮಾಷೆಯೆಂದುಕೊಂಡ. ಒಳಗೆ ಹೋಗಿ ರಟ್ಟು ತಂದು ತೋರಿಸಿದ. ಅದರಲ್ಲಿ ಎರಡು ಗೆರೆಗಳಿದ್ದವು. ಕೆಳಗಿನದಕ್ಕೆ, ನನ್ನದಕ್ಕೆ, ಕಾಟು ಹೊಡೆದಿತ್ತು. ಮೂರು ಬೆರಳು ಮೇಲೆ ಇನ್ನೊಂದು ಗೆರೆ. ಬಂದವನು ಹೆಲ್ಮೆಟ್ ತೆಗೆದಿರಲಿಲ್ಲ, ಮಾತೂ ಆಡಿರಲಿಲ್ಲ. ಸೀದಾ ಬೈಕಿನ ಹತ್ತಿರ ಹೋಗಿ ಕೂತಿದ್ದರಿಂದ ನಾನೇ ಎಂದುಕೊಂಡನಂತೆ. ಗೆರೆ ಎಳೆದ ಮೇಲೆ ಮಾಗಡಿ ರಸ್ತೆಯ ಕಡೆ ನಡೆದುಕೊಂಡೇ ಹೋದನಂತೆ. ಎತ್ತರ ಗಮನಿಸಲಿಲ್ಲವೇ ಎಂದು ಕೇಳಿದೆ. ಕೂತವರನ್ನು ಕೂತ ಹಾಗೇ ಅಳೆಯುತ್ತೇನೆ, ನಿಂತಾಗ ಎಷ್ಟಿದ್ದರೆ ನನಗೇನು ಎಂದ.

ಇಲ್ಲೇ ಆ ಮಾತು ಬರುತ್ತದೆ. ಬಂದವನು ಹತ್ತುವ ಮೊದಲು ಟ್ಯಾಂಕನ್ನು ಎರಡು ಸಲ ತಟ್ಟಿದ ಎಂಬ ಮಾತು. ಸಂಗಣ್ಣ ಅದನ್ನು ತಾನಾಗಿ ಹೇಳಿದನೇ? ಅಥವಾ ‘ಟ್ಯಾಂಕ್ ತಟ್ಟಿದ್ನಾ?’ ಎಂದು ನಾನು ಕೇಳಿ, ಗಿರಾಕಿಯೊಡನೆ ವಾದ ಬೇಡವೆಂದು ಅವನು ಹೂಂ ಎಂದನೇ? ಹಲವು ರಾತ್ರಿ ಯೋಚಿಸಿದ್ದೇನೆ. ಒಮ್ಮೆ ಅವನ ದನಿ ಕೇಳಿಸುತ್ತದೆ, ಒಮ್ಮೆ ನನ್ನದು.

ಶೀಲ್ಡ್ ಕತ್ತರಿಸಿ ಸರಿಮಾಡಿಸದೆ ಬೈಕು ತೆಗೆದುಕೊಂಡು ಹೊರಟೆ. ರಿಂಗ್ ರಸ್ತೆಗೆ ಬಂದಾಗ ಗಾಳಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ನಾನು ತಿಂಗಳುಗಳಿಂದ ಬಯಸಿದ್ದು ಅದೇ. ಆದರೆ ಆ ಮೌನದಲ್ಲಿ ಹೆಲ್ಮೆಟ್ಟಿನೊಳಗೆ ನನ್ನ ಉಸಿರು ಇನ್ನೊಬ್ಬರದರ ಹಾಗೆ ಕೇಳಿಸತೊಡಗಿತು. ಅಂಚಿನ ಮೇಲಿನಿಂದ ನೋಡಲು ಕತ್ತು ಚಾಚಿದೆ. ಚಾಚಿದಾಗ ಗೊತ್ತಾಯಿತು, ನಾನು ಮಂಜುವಿನ ಎತ್ತರದಲ್ಲಿ ಕೂರಲು ನೋಡುತ್ತಿದ್ದೇನೆ ಎಂದು. ನಾಗರಭಾವಿ ಸಿಗ್ನಲ್ಲಿನಲ್ಲಿ ಸುತ್ತಲೂ ಹೆಲ್ಮೆಟ್ಟುಗಳು. ಗಾಜು ಇಳಿಸಿಕೊಂಡ ಒಂದೊಂದನ್ನೂ ನೋಡಿದೆ. ಒಬ್ಬ ಡೆಲಿವರಿ ಹುಡುಗ ಗಾಜು ಎತ್ತಿ, ‘ಏನ್ ಗುರು, ಗೊತ್ತಾ ನಾನು ನಿಂಗೆ?’ ಎಂದ. ಹಸಿರು ಬಿದ್ದು, ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಟೆ.

ಸುಮಾಳಿಗೆ ಹೇಳುವುದೋ ಬೇಡವೋ ಎನ್ನುವುದು ದಾರಿಯುದ್ದಕ್ಕೂ ಇದ್ದ ಪ್ರಶ್ನೆ. ಅತ್ತೆ ಆಗಷ್ಟೇ ರಾತ್ರಿ ಸರಿಯಾಗಿ ನಿದ್ದೆ ಮಾಡತೊಡಗಿದ್ದರು. ಸುಮಾ ಫೋಟೋವನ್ನು ಕೈಚೀಲದಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದಳು. ಇದು ಯಾರೋ ದಾರಿಹೋಕನ ಕಿಡಿಗೇಡಿತನವಾಗಿದ್ದರೆ, ಹೇಳುವುದೆಂದರೆ ಆ ಎರಡು ವರ್ಷಗಳನ್ನು ಮತ್ತೆ ಅವರ ತಲೆಯ ಮೇಲೆ ಹಾಕುವುದು. ಅಲ್ಲದಿದ್ದರೆ, ಅವನು ಬದುಕಿದ್ದಾನೆ, ನಮ್ಮ ಮನೆಯಿಂದ ಇಷ್ಟು ಹತ್ತಿರದಲ್ಲಿ. ಹೇಳಿದೆ. ಅವಳು, ‘ನಿನ್ನೆ ಸಂಜೆ ನೀವೆಲ್ಲಿದ್ರಿ?’ ಎಂದಳು. ಮನೆಯಲ್ಲೇ ಇದ್ದೆ ಎಂದೆ.

‘ಹಾಲು ತರ್ತೀನಿ ಅಂತ ಹೋದ್ರಲ್ಲ. ಎಷ್ಟೊತ್ತಾಯ್ತು ಬರೋಕೆ.’

ಹೋಗಿದ್ದೆ, ಹೌದು. ಹತ್ತು ನಿಮಿಷ ಎಂದು ನನ್ನ ಲೆಕ್ಕ. ಅವಳ ಪ್ರಕಾರ ಅನ್ನ, ಸಾರು ಎರಡೂ ಆಗಿ, ಕಾದು, ಅವಳು ಫೋನು ಮಾಡಬೇಕೆಂದುಕೊಂಡಿದ್ದಳು. ಆಗ ಅದಕ್ಕೆ ನಾನು ಮಹತ್ವ ಕೊಡಲಿಲ್ಲ.

ಮರುದಿನ ಇಬ್ಬರೂ ಸುಂಕದಕಟ್ಟೆಗೆ ಹೋದೆವು. ಸುಮಾ ಸಂಗಣ್ಣನಿಗೆ ಯಾವ ಹೆಸರೂ ಹೇಳಲಿಲ್ಲ, ಫೋಟೋ ತೋರಿಸಲಿಲ್ಲ. ‘ಅವ್ರು ಹೇಗೆ ಬಂದ್ರು, ಹೇಗೆ ಕೂತ್ರು, ನೀವೇ ಮಾಡಿ ತೋರಿಸಿ ಅಣ್ಣ’ ಎಂದಳು. ಸಂಗಣ್ಣ ಸಂಕೋಚದಿಂದ ಬೈಕಿನ ಬಳಿ ಹೋದ. ಟ್ಯಾಂಕನ್ನು ತಟ್ಟಿದ, ಎರಡು ಸಲ. ಹತ್ತಿ ಕೂತು ಮೊಣಕಾಲುಗಳನ್ನು ಅಗಲಿಸಿದ. ಸುಮಾ ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟಳು.

ಅವಳ ಮಟ್ಟಿಗೆ ಅದು ಸಾಕ್ಷಿ. ತಟ್ಟುವ ಮಾತನ್ನು ಹಿಂದಿನ ದಿನ ನಾನೇ ಅವನಿಗೆ ಕೊಟ್ಟಿರಬಹುದು ಎಂದರೆ, ‘ಮೊಣಕಾಲು ನೀವು ಹೇಳಿದ್ರಾ?’ ಎಂದು ಕೇಳುತ್ತಾಳೆ. ಮೊಣಕಾಲಿನ ಬಗ್ಗೆ ನಾನು ಏನೂ ಹೇಳಿರಲಿಲ್ಲ ಎಂದುಕೊಂಡಿದ್ದೇನೆ. ಆದರೆ ಸಂಗಣ್ಣ ದಪ್ಪ ಮನುಷ್ಯ, ಅವನು ಹೇಗೆ ಕೂತರೂ ಮೊಣಕಾಲು ಅಗಲಿಸಿಯೇ ಕೂರಬೇಕು. ಅವಳು ಅಳುವುದನ್ನು ಕಂಡು ಅವನೂ ಹೆದರಿದ. ‘ದಿನಾ ಎಷ್ಟ್ ಮಂದಿ ಬರ್ತಾರ್ರೀ ಅಕ್ಕಾರ, ನನಗ ಯಾರ ನೆನಪೂ ಖಾತ್ರಿ ಇಲ್ರೀ’ ಎಂದ. ಎದುರಿನ ಬೇಕರಿಯ ಕ್ಯಾಮೆರಾ ಗಲ್ಲಾಪೆಟ್ಟಿಗೆಯ ಕಡೆ ತಿರುಗಿತ್ತು. ಅದರ ಮೂಲೆಯಲ್ಲಿ ಫುಟ್‌ಪಾತಿನ ಒಂದು ತುಂಡು ಕಾಣುತ್ತಿತ್ತು, ಆ ಸಂಜೆ ಅದರ ಮೇಲೆ ಹಾದುಹೋದ ನೂರಾರು ಕಾಲುಗಳು. ಸುಮಾ ಒಂದು ಜೊತೆಯನ್ನು ತೋರಿಸಿ ಇದೇ ಅಂದಳು. ಪೊಲೀಸರು ನೋಡಿ, ಅಂಥ ಬೂಟು ಊರಲ್ಲಿ ಅರ್ಧ ಜನರ ಕಾಲಲ್ಲಿದೆ ಎಂದರು. ಸುಮಾ ವಾರಗಟ್ಟಲೆ ಮಾಗಡಿ ರಸ್ತೆಯಲ್ಲಿ ನಡೆದಳು. ಅಮ್ಮನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಅತ್ತೆ ಒಮ್ಮೆ ಮನೆಗೆ ಬಂದಾಗ ಬೈಕಿನ ಮುಂದೆ ನಿಂತು ಶೀಲ್ಡಿನ ಧೂಳನ್ನು ಸೆರಗಿನಿಂದ ಒರೆಸಿದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಮಂಜು ಬಂದಿಲ್ಲ. ಸಂಗಣ್ಣ ದುಡ್ಡು ಬೇಡ, ಅಂಚು ಇಳಿಸಿಕೊಡುತ್ತೇನೆ ಎಂದಿದ್ದ. ಸುಮಾ ಬೇಡವೆಂದಳು, ನಾನೂ ಒತ್ತಾಯಿಸಲಿಲ್ಲ. ಈಗಲೂ ಅದೇ ಶೀಲ್ಡಿನ ಹಿಂದೆ ಕತ್ತು ಚಾಚಿಕೊಂಡು ಮೈಸೂರು ರಸ್ತೆಯಲ್ಲಿ ಹೋಗಿಬರುತ್ತೇನೆ. ಕಿವಿ ವಾಸಿಯಾಗಿದೆ, ಕತ್ತು ನೋಯುತ್ತದೆ.

ಆ ಸಂಜೆ ಬಂದು ಕೂತವನು ಯಾರೆಂದು ನನಗೆ ಗೊತ್ತಿಲ್ಲ. ಮಂಜುವೇ ಆಗಿದ್ದರೆ ಬೈಕು ಅಲ್ಲಿದೆಯೆಂದು ಅವನಿಗೆ ಹೇಗೆ ತಿಳಿಯಿತು, ಬಂದವನು ಮನೆಗೇಕೆ ಬರಲಿಲ್ಲ ಎಂದೂ ಗೊತ್ತಿಲ್ಲ. ಅವನು ಬದುಕಿದ್ದಾನೆಯೇ, ಅದೂ ಗೊತ್ತಿಲ್ಲ. ಸಂಗಣ್ಣನ ಅಂಗಡಿಯಲ್ಲಿ ಆ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ನಾನು ಎಷ್ಟೇ ಕತ್ತು ಚಾಚಿದರೂ ನನ್ನ ಮೂಗು ಆ ಮೇಲಿನ ಗೆರೆಗೆ ಸಿಗುವುದಿಲ್ಲ, ಇದನ್ನು ಮಾತ್ರ ಎಷ್ಟೋ ಸಲ ನೋಡಿಕೊಂಡಿದ್ದೇನೆ. ಆದರೂ ಸುಮಾ ಹೇಳುವುದು ನಿಜವಾಗಿದ್ದರೆ, ಹಾಲು ತರಲು ಹೋದ ನಾನು ಅಷ್ಟು ಹೊತ್ತು ಎಲ್ಲಿದ್ದೆ? ಅದೂ ನನಗೆ ಗೊತ್ತಿಲ್ಲ.